ನಡುಬಂಡೆಯ ಎಣಿಕೆ

ಅಮೆರಿಕದ ಸ್ಯಾನ್ ಡಿಯಾಗೋ ಊರಿನ ಲಾ ಹೋಯಾದ ಕಡಲಂಚಿನಲ್ಲಿ ಹಕ್ಕಿಗಳು ಹಿಕ್ಕೆ ಹಾಕಿ ಹಾಕಿ ಬೆಳ್ಳಗೆ ಮಾಡಿಟ್ಟಿರುವ ಬಂಡೆಗಳಿವೆ. ಬಿಸಿಲೇರಿತೆಂದರೆ ಅಲ್ಲಿಂದ ಏಳುವ ನಾತಕ್ಕೆ ಪ್ರವಾಸಿಗರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಕಳೆದ ತಿಂಗಳು ಬೆಂಗಳೂರಿನಿಂದ ಬಂದಿದ್ದ ನನ್ನ ಓರಗಿತ್ತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಏನ್ ವಿಜಿ ಇದು, ಇಂಥಾ ಶ್ರೀಮಂತರ ಏರಿಯಾ ಅಂತೀಯ, ಎರಡು ಬಕೆಟ್ ನೀರು ಹಾಕೋರಿಲ್ವಾ ಇಲ್ಲಿ?" ಎಂದಳು. ನಾನು ನಗಲಿಲ್ಲ. ಕಟಕಟೆಗೆ ಆತುಕೊಂಡು ಆ ನಾತವನ್ನು ಎದೆ ತುಂಬ ಎಳೆದುಕೊಳ್ಳುತ್ತ ನಿಂತುಬಿಟ್ಟಿದ್ದೆ. ಆಕೆಗೆ ನನ್ನ ತಲೆ ಕೆಟ್ಟಿದೆಯೆಂದೇ ಅನ್ನಿಸಿರಬೇಕು. ನನಗೆ 2021ರ ಬೇಸಿಗೆ ಪೂರ್ತಿಯಾಗಿ ವಾಪಸು ಬಂದಿತ್ತು, ಅದರ ಸಂತೋಷ, ಅದರ ದಿಗಿಲು, ಇವತ್ತಿಗೂ ಇಳಿಯದ ಸಿಟ್ಟು, ಎಲ್ಲವೂ.

ಆ ವರ್ಷ ಮೇ ತಿಂಗಳಲ್ಲಿ ನನಗೆ ಕೆಲಸ ಮಾಡಲು ಅನುಮತಿ ಕೊಡುವ ಕಾರ್ಡು ಬಂತು. ಮಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವಳು ನಾನು. ಮದುವೆಯಾಗಿ ಬಂದ ಮೇಲೆ ಗಂಡನ ವೀಸಾದ ಬಾಲವಾಗಿ ಒಂಬತ್ತು ವರ್ಷ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಮಾತಿಗೆ, ಕೂರುವ ಜಾಯಮಾನವೇ ನನ್ನದಲ್ಲ. ಮಗಳು ಅನಘಾಳನ್ನು ಶಾಲೆಗೆ ಬಿಟ್ಟು ಬಂದು, ತಿಕ್ಕಿದ ಪಾತ್ರೆಯನ್ನೇ ತಿಕ್ಕಿ, ನಡೆದ ಬೀದಿಯನ್ನೇ ನಡೆದು, ಗಂಡ ಪ್ರಸನ್ನ ಪಕ್ಕದೂರು ಪೊವೇಯ ಆಫೀಸಿನಿಂದ ಬರುವ ಹೊತ್ತಿಗೆ ಜಗಳಕ್ಕೆ ಒಂದು ವಿಷಯ ಹುಡುಕಿಟ್ಟಿರುತ್ತಿದ್ದೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ಇಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸರದಿಯಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದ ಮನುಷ್ಯ.

ಕಾರ್ಡು ಬಂದ ಎರಡನೆಯ ವಾರಕ್ಕೆ ಕೆಲಸ ಸಿಕ್ಕಿತು. ಕಡಲಹಕ್ಕಿಗಳನ್ನು ಎಣಿಸುವ ಒಂದು ಪುಟ್ಟ ತಂಡ. ಬೇಸಿಗೆ ಮುಗಿಯುವವರೆಗಿನ ಕೆಲಸ, ಸಂಬಳ ಹೇಳಿಕೊಳ್ಳುವಂಥದ್ದಲ್ಲ. ತಂಡದ ಯಜಮಾನಿ ರೂತ್ ಎಂಬ ಎಪ್ಪತ್ತರ ಹತ್ತಿರದ ಹೆಂಗಸು. ಬಿಸಿಲಿಗೆ ಬೆಂದು ಬೆಂದು ಚರ್ಮವೆಲ್ಲ ಸುಕ್ಕುಗಟ್ಟಿತ್ತು, ಮಾತು ಕಡಿಮೆ, ಹೊಗಳಿಕೆ ಅದಕ್ಕಿಂತ ಕಡಿಮೆ. ಮೂರು ವಾರ ನನ್ನನ್ನು ಲಾ ಹೋಯಾದ ಆ ನಾತದ ನಡುವೆ ನಿಲ್ಲಿಸಿ ನೀರುಕಾಗೆಗಳನ್ನು ಎಣಿಸಲು ಕಲಿಸಿದಳು.

ಎಣಿಸುವುದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದೆ. ರೂತ್‌ಳದ್ದು ಒಂದೇ ಪದ್ಧತಿ. ಇಬ್ಬರು ಅಕ್ಕಪಕ್ಕ ನಿಂತು ಒಂದೇ ಬಂಡೆಯನ್ನು ನೋಡಬೇಕು, ಬಾಯಿ ಬಿಡಬಾರದು, ತಂತಮ್ಮ ಪುಸ್ತಕದಲ್ಲಿ ತಾವು ಕಂಡದ್ದನ್ನು ಬರೆಯಬೇಕು. ಬರೆದದ್ದನ್ನು ತಿದ್ದುವ ಹಾಗಿಲ್ಲ. ಬೇಸಿಗೆ ಮುಗಿಯುವವರೆಗೆ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತೆರೆದು ನೋಡುವ ಹಾಗೂ ಇಲ್ಲ. ಕೊನೆಗೆ ಎರಡನ್ನೂ ಎದುರುಬದುರು ಇಟ್ಟು, ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನೂ ವರದಿಯಲ್ಲಿ ಹಾಕುತ್ತಿದ್ದಳು. "ಇಬ್ಬರ ಲೆಕ್ಕವೂ ಒಂದೇ ಬಂದರೆ ನನಗೆ ಅನುಮಾನ ಬರುತ್ತದೆ. ಒಬ್ಬರೇ ಎಣಿಸಿದ್ದು ಲೆಕ್ಕವಲ್ಲ, ಅಭಿಪ್ರಾಯ" ಎಂದಳು ಮೊದಲನೆಯ ದಿನ. ನನಗೆ ಆ ಹೆಂಗಸು ಅವತ್ತೇ ಇಷ್ಟವಾಗಿಬಿಟ್ಟಳು.

ಜೂನಿನಲ್ಲಿ ದೋಣಿಯ ಕೆಲಸ ಶುರುವಾಯಿತು. ಸ್ಯಾನ್ ಡಿಯಾಗೋದ ದಂಡೆಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ, ಮೋಡವಿಲ್ಲದ ದಿನ, ನೀರಿನ ಮೇಲೆ ನಾಲ್ಕು ದಿಬ್ಬಗಳು ಕಾಣುತ್ತವೆ. ಕೊರೊನಾಡೋ ದ್ವೀಪಗಳೆಂದು ಅವುಗಳ ಹೆಸರು. ಮೊದಲು ಬಂದ ಸ್ಪೇನಿನ ನಾವಿಕರು ಇವನ್ನು ಬರೀ ನಿರ್ಜನ ದ್ವೀಪಗಳೆಂದು ಕರೆದರಂತೆ. ದೊಡ್ಡದಾದ ದಕ್ಷಿಣದ ದ್ವೀಪದಲ್ಲಿ ದೀಪಸ್ತಂಭ ಕಾಯುವ ಒಂದೆರಡು ಜನ, ಮತ್ತೆ ಅಲ್ಲಿಯದೇ ಜಾತಿಯ ಒಂದು ಬುಡುಬುಡಿಕೆ ಹಾವು. ಉಳಿದವುಗಳಲ್ಲಿ ಯಾರೂ ಇಲ್ಲ. ಅಮೆರಿಕದಲ್ಲಿ ಹೆಂಡ ನಿಷೇಧವಾಗಿದ್ದ ಕಾಲದ ಕೊನೆಗೆ ಯಾರೋ ಅಲ್ಲೊಂದು ಹೋಟೆಲು, ಜೂಜಿನ ಮನೆ ಕಟ್ಟಿದ್ದರಂತೆ. ನಿಷೇಧ ಹೋಯಿತು, ಗಿರಾಕಿಗಳೂ ಹೋದರು, ಗೋಡೆಗಳು ಉಳಿದವು. ಯಾರೋ ತಂದು ಬಿಟ್ಟ ಆಡು, ಬೆಕ್ಕುಗಳು ಬಹಳ ಕಾಲ ದ್ವೀಪವನ್ನು ಬೋಳಿಸಿ, ಹಕ್ಕಿಮರಿಗಳನ್ನು ತಿಂದು ಬದುಕಿದವು. ಅವನ್ನು ಹಿಡಿದು ಸಾಗಿಸಿದ ಮೇಲೆ ಹಕ್ಕಿಗಳು ಚೇತರಿಸಿಕೊಂಡವು. ಇವೆಲ್ಲ ರೂತ್ ಹೇಳಿದ ಕಥೆ. ಇದಿಷ್ಟನ್ನು ಹೇಳಿದವಳು ಆ ದ್ವೀಪಗಳು ಯಾರಿಗೆ ಸೇರಿದವು ಎನ್ನುವುದನ್ನು ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಅವಳ ಎಣಿಕೆ.

ನನಗೆ ಗೊತ್ತಿರಲಿಲ್ಲ. ಮಲ್ಪೆಯ ಪಕ್ಕದ ಊರಲ್ಲಿ ಹುಟ್ಟಿದವಳಿಗೆ ಕಡಲಂಚಿನಿಂದ ಕಾಣುವ ದ್ವೀಪವೆಂದರೆ ಹಿತ್ತಿಲಿದ್ದ ಹಾಗೆ. ನಮ್ಮ ತೋನ್ಸೆಪಾರ್ ದ್ವೀಪದಲ್ಲೂ ಜನವಸತಿಯಿಲ್ಲ, ಇಟ್ಟಿಗೆ ಜೋಡಿಸಿದಂಥ ಕರೀ ಕಲ್ಲುಕಂಬಗಳು, ನಾಲ್ಕು ತೆಂಗಿನಮರ. ಮಾವನ ದೋಣಿಯಲ್ಲಿ ಹತ್ತು ಸಲ ಸುತ್ತಿ ಬಂದಿದ್ದೇನೆ. ಯಾರೂ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದವರಿಲ್ಲ. ಪಾಸ್‌ಪೋರ್ಟ್ ತಗೊಂಡು ಬಾ ಎಂದು ರೂತ್ ಹೇಳಿದ್ದಳು, ನಿಜ. ಕೆಲಸಕ್ಕೆ ಸೇರಿದಾಗಿನಿಂದ ಎಲ್ಲರೂ ಅದನ್ನೇ ಕೇಳುತ್ತಿದ್ದರು, ಇದೂ ಅಂಥದ್ದೇ ಒಂದು ಎಂದುಕೊಂಡು ಚೀಲಕ್ಕೆ ಹಾಕಿಕೊಂಡೆ.

ಅವತ್ತು ಜೂನಿನ ಮಾಮೂಲಿ ಬೂದು ಮೋಡ. ನೀರು, ಆಕಾಶ ಎರಡೂ ಒಂದೇ ಬಣ್ಣ. ದೋಣಿ ಹೊರಟು ಗಂಟೆಯಾಗುವ ಹೊತ್ತಿಗೆ ರೂತ್ ಯಂತ್ರದ ಪರದೆ ನೋಡಿ ಒಂದು ಸಮಯ ಹೇಳಿದಳು, "ಬರಕೋ, ಎಂಟು ಐವತ್ತೆರಡು, ಮೆಕ್ಸಿಕೋದ ನೀರು." ಕ್ಲಾಸಿನಲ್ಲಿ ಡಿಕ್ಟೇಶನ್ ಬರೆದುಕೊಳ್ಳುವ ಹುಡುಗಿಯ ಹಾಗೆ ದುಂಡಗೆ ಬರೆದೆ. ಬರೆಯುವಾಗ ಅದು ಬೇರೆ ದೇಶವೆಂದು ಹೊಳೆಯಲಿಲ್ಲ. ನೀರಿಗೂ ಹೆಸರಿರುತ್ತದೆ, ಅರಬ್ಬಿ ಸಮುದ್ರ ಅನ್ನುವುದಿಲ್ಲವೇ, ಹಾಗೆ. ನನ್ನ ಕೈಯಾರೆ ನಾನೇ ಬರೆದದ್ದು, ಇಂಗ್ಲಿಷಿನಲ್ಲಿ, ಸಮಯ ಸಮೇತ.

ನಾಲ್ಕು ದ್ವೀಪಗಳ ನಡುವೆ ಒಂದು ಚಿಕ್ಕ ಬಂಡೆಯಿದೆ. ದೋಣಿಯವರು ಅದಕ್ಕೇನೋ ಅಡ್ಡಹೆಸರು ಇಟ್ಟಿದ್ದಾರೆ, ನಾನು ನಡುಬಂಡೆ ಎನ್ನುತ್ತೇನೆ. ಅಲ್ಲಿ ಕಂದು ಬೂಬಿ ಎಂಬ ಹಕ್ಕಿಗಳು ಗೂಡು ಕಟ್ಟುತ್ತವೆ. ಕಾಫಿಬಣ್ಣದ ಮೈ, ಗೆರೆ ಕೊರೆದಿಟ್ಟ ಹಾಗೆ ಎದೆಯ ಕೆಳಗೆ ಬಿಳಿ ಹೊಟ್ಟೆ, ಬಾತುಕೋಳಿಯಂಥ ಹಳದಿ ಪಾದ. ದಕ್ಷಿಣದ ಬಿಸಿನೀರಿನ ಹಕ್ಕಿಗಳಿವು. ಇತ್ತೀಚಿನ ವರ್ಷಗಳಲ್ಲಿ ಕಡಲು ಬಿಸಿಯಾದಂತೆಲ್ಲ ಉತ್ತರಕ್ಕೆ ಸರಿದು ಇಲ್ಲಿ ಸಂಸಾರ ಹೂಡಿವೆ. ಮೊಟ್ಟೆಗೆ ಕಾವು ಕೊಡುವುದು ಹೊಟ್ಟೆಯಿಂದಲ್ಲ, ಆ ಪಾದಗಳಿಂದ. ಎರಡೂ ಪಾದವನ್ನು ಮೊಟ್ಟೆಯ ಮೇಲೆ ಹೊದಿಸಿ ನಿಂತು, ಮೆಲ್ಲನೆ ಕೂರುತ್ತದೆ. ಹಾಗೆ ಕೂತ ಹಕ್ಕಿಯನ್ನೂ ಸುಮ್ಮನೆ ವಿಶ್ರಾಂತಿಗೆ ಕೂತ ಹಕ್ಕಿಯನ್ನೂ ಕುಲುಕುವ ದೋಣಿಯಿಂದ, ದುರ್ಬೀನಿನಲ್ಲಿ, ಬೇರೆ ಬೇರೆ ಮಾಡಿ ನೋಡುವುದೇ ನಮ್ಮ ಕೆಲಸ. ಉತ್ತರದ ದ್ವೀಪದ ಬುಡದಲ್ಲಿ ಆನೆಸೀಲುಗಳು ಮೂಟೆಗಳಂತೆ ಬಿದ್ದು ಗೊರಕೆ ಹೊಡೆಯುತ್ತಿದ್ದವು. ಕಂದು ಪೆಲಿಕನ್ನುಗಳು ಸಾಲಾಗಿ ದಾಟಿಹೋದವು. ನಾನು ಒಂದು ಗಂಟೆ ಅಲುಗದೆ ನಿಂತಿದ್ದೆ. ಒಂಬತ್ತು ವರ್ಷದಲ್ಲಿ ನಾನು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಅದೇ ಮೊದಲು. ಕಣ್ಣಿಗೆ ನೀರು ಬಂದು ದುರ್ಬೀನು ಮಂಜಾಯಿತು, ಒರೆಸಿಕೊಂಡು ಮತ್ತೆ ಮೊದಲಿನಿಂದ ಎಣಿಸಿದೆ. ರೂತ್ ನೋಡಿದರೂ ನೋಡದವಳಂತೆ ಇದ್ದಳು.

ಆ ಭಾನುವಾರ ಪೊವೇಯ ಪಾರ್ಕಿನಲ್ಲಿ ಕನ್ನಡದವರ ಊಟ. ಲಸಿಕೆ ಹಾಕಿಸಿಕೊಂಡ ಮೇಲೆ ಎಲ್ಲರೂ ಮೊದಲ ಬಾರಿ ಮಾಸ್ಕ್ ತೆಗೆದು ಹಲ್ಲು ಕಾಣುವಂತೆ ನಕ್ಕ ದಿನ. ನಾನು ಗೋಳಿಬಜೆ ಕರಿದುಕೊಂಡು ಹೋಗಿದ್ದೆ, ಅದಕ್ಕಿಂತ ಬಿಸಿಯಾಗಿ ನನ್ನ ದೋಣಿಯ ಕಥೆಯನ್ನೂ. ಹುಬ್ಬಳ್ಳಿಯ ಬಸವರಾಜ್ ಎದುರಿಗೆ ಕೂತಿದ್ದರು. ಟೆಲಿಕಾಂ ಇಂಜಿನಿಯರು, ಆದರೆ ನಮ್ಮ ಕಡೆಯ ಅರ್ಧ ಜನರ ಇಮಿಗ್ರೇಶನ್ ಫಾರ್ಮುಗಳು ಅವರ ಕಣ್ಣಡಿಯಲ್ಲೇ ಹಾದುಹೋಗಿದ್ದವು. ಅವರ ಕೈಯಲ್ಲಿದ್ದ ಗೋಳಿಬಜೆ ಬಾಯಿಗೆ ಹೋಗದೆ ನಿಂತಿತು.

"ಅಕ್ಕಾರ, ಆ ದ್ವೀಪ ಮೆಕ್ಸಿಕೋದಾಗ ಬರ್ತಾವ್ರೀ."

"ಎಂತ ಮಾರಾಯ್ರೆ, ದಡದಲ್ಲಿ ನಿಂತ್ರೆ ಕಾಣ್ತದಲ್ಲ!"

"ಕಾಣೂದೆಲ್ಲಾ ಅಮೆರಿಕಾ ಅಲ್ರೀ. ಕೆಲಸದ ಕಾರ್ಡ್ ಬಂದೈತಿ ನಿಮ್ದು, ಖರೇ. ಹೊರಗ ಹೋಗಿ ಬರೂ ಪರ್ಮಿಶನ್ ಲೆಟರ್ ಬಂದೈತೇನು?"

ಬಂದಿರಲಿಲ್ಲ. ಗ್ರೀನ್ ಕಾರ್ಡಿನ ಅರ್ಜಿಯ ಜೊತೆಗೇ ಕೆಲಸದ ಕಾರ್ಡಿಗೂ ಈ ಲೆಟರಿಗೂ ಒಂದೇ ದಿನ ಅಪ್ಲೈ ಮಾಡಿದ್ದರೂ ಲೆಟರ್ ಎಲ್ಲೋ ಸಿಕ್ಕಿಕೊಂಡಿತ್ತು.

"ಆ ಲೆಟರ್ ಇಲ್ದ ದೇಶಾ ಬಿಟ್ಟ್ರ, ಗ್ರೀನ್ ಕಾರ್ಡ್ ಅರ್ಜೀನ ಬಿಟ್ಟಂಗ ಲೆಕ್ಕಾ ಹಿಡಿತಾರ್ರೀ. ನಿಮ್ಮ ಹಳೇ ವೀಸಾನೂ ಕೆಲಸಕ್ಕ ಸೇರಿದ ದಿನಾನ ಹೋತು. ಅಂದ್ರ..." ಬಸವರಾಜ್ ಅಲ್ಲಿಗೇ ನಿಲ್ಲಿಸಿ ಪ್ರಸನ್ನನ ಮುಖ ನೋಡಿದರು. ಒಳ್ಳೆಯ ಮನುಷ್ಯ, ಹೇಳಿದ್ದಕ್ಕೆ ತಾವೇ ಹೆದರಿದ್ದರು.

"ಅಮ್ಮಾ, ಯು ವೆಂಟ್ ಟು ಮೆಕ್ಸಿಕೋ? ವಿದೌಟ್ ಮಿ?" ಎಂದಳು ಅನಘಾ. ಅವಳಿಗೆ ಆಗ ಎಂಟು, ಅವಳೊಬ್ಬಳೇ ನಮ್ಮಲ್ಲಿ ಅಮೆರಿಕದ ಪ್ರಜೆ.

ಮನೆಗೆ ಬಂದವನೇ ಪ್ರಸನ್ನ ನನ್ನ ಎಣಿಕೆಯ ಪುಸ್ತಕ ಕೇಳಿದ, ಓದಿದ. ಎಂಟು ಐವತ್ತೆರಡು ಎನ್ನುವ ಸಾಲಿಗೆ ಬಂದಾಗ ಮುಖ ಬೂದಿಯಾಯಿತು.

"ನಿನ್ ಕೈಯಲ್ಲೇ ಬರ್ದಿದೀಯಲ್ಲೇ ವಿಜಿ! ಪ್ರೂಫ್ ಇದು. ಹರಿದಾಕು ಈ ಪೇಜನ್ನ."

"ಅದ್ರಲ್ಲಿ ಲೆಕ್ಕ ಉಂಟು. ನನ್ನ ಲೆಕ್ಕ."

"ಹಕ್ಕಿ ಲೆಕ್ಕ! ಹನ್ನೊಂದು ವರ್ಷ ಕಾದಿದೀನಿ ನಾನು. ನಿನ್ನನ್ನ ಡಿಪೋರ್ಟ್ ಮಾಡಿದ್ರೆ ಅನಘಾನ ಏನ್ ಮಾಡ್ಲಿ?"

"ಹರಿಯುದಿಲ್ಲ. ಬೇಕಾದ್ರೆ ಇನ್ನು ದೋಣಿ ಹತ್ತುದಿಲ್ಲ. ಹರಿಯುದು ಮಾತ್ರ ಇಲ್ಲ."

ಅಷ್ಟಕ್ಕೇ ನಿಂತೆ. ಹಟ ಎಂದರೆ ಹಟ. ಆ ಪುಟ ಒಂಬತ್ತು ವರ್ಷದ ಮೇಲೆ ನಾನು ನಾನಾಗಿ ಮಾಡಿದ ಮೊದಲ ಕೆಲಸ. ಅದನ್ನು ಹರಿದರೆ ನಾನು ಅಲ್ಲಿಗೆ ಹೋಗಿಯೇ ಇರಲಿಲ್ಲ ಎಂದಾಗುತ್ತಿತ್ತು. ಪ್ರಸನ್ನನಿಗೆ ಬೇಕಾಗಿದ್ದದ್ದೂ ಅದೇ.

ನಮ್ಮ ಅರ್ಜಿ ಹಾಕಿಕೊಟ್ಟಿದ್ದ ವಕೀಲರನ್ನು ಕೇಳಿದೆವು, ಎರಡು ಸಾಲಿನ ಉತ್ತರ ಕಳಿಸಿದರು. ದಡಕ್ಕೆ ಇಳಿದಿಲ್ಲವಾದ್ದರಿಂದ ದೇಶ ಬಿಟ್ಟಿಲ್ಲವೆಂದು ವಾದಿಸಬಹುದು, ಇನ್ನೊಮ್ಮೆ ಹೋಗಬೇಡಿ, ಕೇಳದೆ ಹೇಳಬೇಡಿ. ವಾದಿಸಬಹುದು ಎನ್ನುವ ಮಾತಿನ ಮೇಲೆ ತಲೆಯಿಟ್ಟು ಮಲಗಲು ಯಾರಿಂದಾದೀತು? ರೂತ್‌ಗೆ ವಿಷಯ ತಿಳಿಸಿದೆ. ಅವಳು, ತಾನು ಯೋಚಿಸಬೇಕಾಗಿತ್ತು ಎಂದು ಕ್ಷಮೆ ಕೇಳಿದಳು. ನನ್ನನ್ನು ಲಾ ಹೋಯಾದ ಬಂಡೆಗಳಿಗೇ ಹಾಕಿದಳು. ದೋಣಿಯ ಪುಸ್ತಕ ಮಾತ್ರ ಕಳಿಸಿಕೊಡು ಎಂದಳು. ಮಾರನೆಯ ಬೆಳಿಗ್ಗೆ ಪ್ರಸನ್ನ, "ನಾನೇ ಕೊಟ್ಟು ಬರ್ತೀನಿ, ಆ ಕಡೆ ಹೋಗೋದಿದೆ" ಎಂದ. ಕೂಗಾಡಿದ್ದಕ್ಕೆ ಪಶ್ಚಾತ್ತಾಪವಾಗಿರಬೇಕು ಎಂದುಕೊಂಡೆ. ಲಕೋಟೆಗೆ ಹಾಕಿ ಕೊಟ್ಟೆ, ದಾರಿಗೆ ಕಾಫಿಯನ್ನೂ ತುಂಬಿಸಿ ಕೊಟ್ಟೆ.

ಆ ಬೇಸಿಗೆ ನಾನು ನಿಂತಲ್ಲಿ ನಿಲ್ಲಲಿಲ್ಲ. ವಾರಕ್ಕೆ ಮೂರು ದಿನ ನೀರುಕಾಗೆಗಳನ್ನು ಎಣಿಸುತ್ತ, ಪ್ರತಿ ಹತ್ತು ನಿಮಿಷಕ್ಕೆ ದಕ್ಷಿಣಕ್ಕೆ ತಿರುಗುತ್ತಿದ್ದೆ. ಲಾ ಹೋಯಾದಿಂದ ಆ ದ್ವೀಪಗಳು ಕಾಣುವುದಿಲ್ಲ, ಗುಡ್ಡ ಅಡ್ಡ. ಗೊತ್ತಿದ್ದೂ ತಿರುಗುತ್ತಿದ್ದೆ. ಮನೆಗೆ ಬಂದರೆ ಅಂಚೆಪೆಟ್ಟಿಗೆ. ಬಿಳಿಯ ವ್ಯಾನು ಬೀದಿಯಲ್ಲಿ ನಿಂತರೆ ಇಮಿಗ್ರೇಶನ್‌ನವರೇ ಬಂದರೆಂದು ಕಿಟಕಿಗೆ ಓಡುತ್ತಿದ್ದೆ, ನೋಡಿದರೆ ಪಕ್ಕದ ಮನೆಯ ನಲ್ಲಿ ರಿಪೇರಿಯವನು. ಹಕ್ಕಿಗಳಿಗೆ ವೀಸಾ ಬೇಡ ಅಲ್ವಾ ಎಂದು ಕಂಡಕಂಡವರೆಲ್ಲ ತಮಾಷೆ ಮಾಡಿದರು. ಕೇಳಿ ಕೇಳಿ ರೇಗಿಹೋಗುತ್ತಿತ್ತು. ಹಕ್ಕಿಗೆ ಏನೇನು ಬೇಡ ಎನ್ನುವ ಪಟ್ಟಿ ನನಗೆ ಬೇಕಾಗಿರಲಿಲ್ಲ, ಅದು ಮೊಟ್ಟೆಯ ಮೇಲೆ ಪಾದ ಊರಿದ್ದನ್ನು ಇನ್ನೊಂದು ಸಲ ನೋಡಬೇಕಿತ್ತು. ದೋಣಿ ಇನ್ನೂ ಮೂರು ಸಲ ಹೋಗಿ ಬಂತು, ನನ್ನ ಜಾಗದಲ್ಲಿ ಕಾಲೇಜಿನ ಒಬ್ಬಳು ಹೋದಳು. ಕೊನೆಯ ಸುತ್ತು ಮುಗಿದು ಎರಡು ವಾರಕ್ಕೆ, ಅಕ್ಟೋಬರಿನಲ್ಲಿ, ನನ್ನ ಪರ್ಮಿಶನ್ ಲೆಟರ್ ಬಂತು. ಅದನ್ನು ಹಿಡಿದು ಅಡುಗೆಮನೆಯಲ್ಲಿ ಗಟ್ಟಿಯಾಗಿ ಬೈದೆ. ತುಳುವಿನಲ್ಲಿ ಬೈದದ್ದರಿಂದ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಮುಂದಿನ ವರ್ಷಕ್ಕೆ ರೂತ್ ಕರೆಯುತ್ತಾಳೆಂದು ಕಾದೆ. ಕರೆಯಲಿಲ್ಲ. ಎರಡು ಮೆಸೇಜಿಗೆ ಒಂದೊಂದು ಸಾಲಿನ ಉತ್ತರ ಬಂತು. ನನ್ನಿಂದ ಅವಳಿಗೆ ಸಾಕಷ್ಟು ತಲೆನೋವಾಗಿದೆ, ಸಹಜ ಎಂದು ಸಮಾಧಾನ ಮಾಡಿಕೊಂಡೆ.

ಫೆಬ್ರವರಿಯಲ್ಲಿ ಗ್ರೀನ್ ಕಾರ್ಡಿನ ಸಂದರ್ಶನ. ಕಾರಿನಲ್ಲಿ ಪ್ರಸನ್ನ ಮೂರು ಸಲ ಕೇಳಿದ, "ಇಳಿದಿಲ್ಲ ಅಲ್ವಾ? ಹಾಗಾದ್ರೆ ನೋ ಅಷ್ಟೇ. ಸೇರಿಸ್ಬೇಡ ಏನೂ." ಸರಿ ಎಂದೆ, ಮೂರು ಸಲವೂ. ಒಳಗೆ ಕೈಯೆತ್ತಿ ಸತ್ಯ ಹೇಳುತ್ತೇವೆಂದು ಪ್ರಮಾಣ ಮಾಡಿ ಕೂತೆವು. ಅಧಿಕಾರಿ ನನ್ನ ವಯಸ್ಸಿನವನೇ, ಬಾಯಿಗೆ ಮಾಸ್ಕು, ಕಣ್ಣಿನಲ್ಲಿ ಬೇಸರ. ಅರ್ಜಿ ಹಾಕಿದ ಮೇಲೆ ದೇಶ ಬಿಟ್ಟು ಹೋಗಿದ್ದೀರಾ? ಪ್ರಸನ್ನ ಇಲ್ಲ ಎಂದ. ನನ್ನ ಸರದಿ ಬಂತು. ನೋ ಎನ್ನಲು ಬಾಯಿ ತೆರೆದೆ. ರೂತ್‌ಳ ಪಕ್ಕ ನಿಂತು ಮೂರು ವಾರ ಕಲಿತದ್ದು ಬಿಡಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಪಕ್ಕದವರು ಏನೆಂದರೆಂದು ನೋಡಿ ತಿದ್ದಬಾರದು.

"ಒಂದು ಸಲ ಹೋಗಿದ್ದೇನೆ. ದೋಣಿಯಲ್ಲಿ, ಕೊರೊನಾಡೋ ದ್ವೀಪಗಳನ್ನು ಸುತ್ತಿ ಬಂದೆ. ಹಕ್ಕಿ ಎಣಿಸುವ ಕೆಲಸಕ್ಕೆ."

ಅಧಿಕಾರಿ ತಲೆಯೆತ್ತಿದ.

"ದಡಕ್ಕೆ ಇಳಿದಿರಾ?"

"ಇಲ್ಲ."

"ಬೇರೆ ದೋಣಿಯವರು ಯಾರಾದರೂ ಸಿಕ್ಕರಾ?"

"ಇಲ್ಲ. ಹಕ್ಕಿಗಳು ಮಾತ್ರ."

ಏನೋ ಟೈಪ್ ಮಾಡಿದ. ತನ್ನ ಮಗನನ್ನು ಒಮ್ಮೆ ಆ ಕಡೆ ಮೀನು ಹಿಡಿಯಲು ಕರೆದುಕೊಂಡು ಹೋಗಿದ್ದೆ, ಪೂರ್ತಿ ವಾಂತಿ ಮಾಡಿಕೊಂಡ ಎಂದ. ಮುಂದಿನ ಪ್ರಶ್ನೆಗೆ ಹೋದ. ಎಂಟು ತಿಂಗಳ ದಿಗಿಲು ಒಂದು ನಿಮಿಷವೂ ಹಿಡಿಯಲಿಲ್ಲ. ಹೊರಡುವಾಗ, ಎಲ್ಲ ಸರಿಯಿದೆ, ಕಾರ್ಡುಗಳು ಅಂಚೆಯಲ್ಲಿ ಬರುತ್ತವೆ ಎಂದ.

ಪಾರ್ಕಿಂಗ್ ಕಟ್ಟಡದಲ್ಲಿ ಪ್ರಸನ್ನ ಕಾರಿನ ಬಾಗಿಲು ತೆರೆಯದೆ ನಿಂತ. ಖುಷಿಗೆ ಅಳುತ್ತಿದ್ದಾನೆ ಎಂದುಕೊಂಡು ಬೆನ್ನ ಮೇಲೆ ಕೈಯಿಟ್ಟೆ.

"ವಿಜಿ, ಆ ಪೇಜ್ ನಾನು ಹರಿದ್ಬಿಟ್ಟೆ. ಕೊಡೋಕೆ ಹೋದ್ನಲ್ಲ, ಅವತ್ತು. ಕಾರಲ್ಲೇ."

ನನಗೆ ತಕ್ಷಣ ಸಿಟ್ಟು ಬರಲಿಲ್ಲ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಹೇಳುತ್ತಲೇ ಇದ್ದ, ಹೆದರಿಬಿಟ್ಟಿದ್ದೆ, ನಿನಗೋಸ್ಕರ, ಅನಘಾಗೋಸ್ಕರ, ಹೇಳಬೇಕು ಹೇಳಬೇಕು ಎಂದು ಎಂಟು ತಿಂಗಳು. ಎಲ್ಲ ನಿಜವೇ ಇರಬೇಕು. ನಾನು ಅಲ್ಲೇ ನಿಂತು ರೂತ್‌ಗೆ ಫೋನ್ ಮಾಡಿ, ದೋಣಿಯ ಪುಸ್ತಕದಲ್ಲಿ ನನ್ನ ಪುಟ ಇತ್ತಾ ಎಂದು ಕೇಳಿದೆ.

"ಪುಟ ಇಲ್ಲದ್ದು ನೋಡಿದೆ. ಅಂಚು ಚೂರುಚೂರಾಗಿ ಹರಿದಿತ್ತು" ಎಂದಳು ರೂತ್. "ನೀನೇ ಹರಿದಿದ್ದೀಯ ಎಂದುಕೊಂಡೆ. ನಿನಗೆ ಅಷ್ಟು ಭಯವಿತ್ತು, ಕೇಳುವುದು ಸರಿಯಲ್ಲ ಅನ್ನಿಸಿತು. ಆದರೆ ಲೆಕ್ಕದ ಪುಟ ಹರಿಯುವವರನ್ನು ಮತ್ತೆ ದೋಣಿಗೆ ಕರೆಯಲು ನನಗೆ ಮನಸ್ಸಾಗಲಿಲ್ಲ."

"ನಾನು ಹರಿದದ್ದಲ್ಲ ರೂತ್."

"ಸರಿ" ಎಂದಳು. ನಂಬಿದಳೋ ಇಲ್ಲವೋ ಆ ಒಂದು ಮಾತಿನಲ್ಲಿ ತಿಳಿಯುವ ಹಾಗಿರಲಿಲ್ಲ.

"ನನಗೆ ಸಂಖ್ಯೆ ನೆನಪಿದೆ. ಬೇಕಾದರೆ ಈಗಲೇ ಹೇಳುತ್ತೇನೆ."

"ಬೇಡ ವಿಜಿ. ನೆನಪಿಗೆ ನಮ್ಮಲ್ಲಿ ಕಾಲಂ ಇಲ್ಲ."

ಕಾರ್ಡು ಬಂತು. ಈಗ ಲಾಂಗ್ ಬೀಚಿನಲ್ಲಿ ಬಂದರಿನ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ, ವಾರಕ್ಕೆರಡು ದಿನ ರೈಲಿನಲ್ಲಿ ಹೋಗುತ್ತೇನೆ. ಪ್ರಸನ್ನನೊಂದಿಗೆ ಸಂಸಾರ ನಡೆದಿದೆ. ಆ ವಿಷಯ ಬಿಟ್ಟು ಉಳಿದದ್ದಕ್ಕೆಲ್ಲ ಜಗಳವಾಡುತ್ತೇವೆ. ಮೆಕ್ಸಿಕೋಗೆ ನಾಲ್ಕು ಸಲ ಹೋಗಿ ಬಂದೆವು, ಕಾರಿನಲ್ಲಿ, ಟ್ಯಾಕೋ ತಿನ್ನಲು. ರೂತ್ ಕೆಲಸ ಬಿಟ್ಟು ಉತ್ತರದ ಕಡೆ ಮಗಳ ಮನೆಗೆ ಹೋದಳೆಂದು ಕೇಳಿದೆ. ಅವಳ ವರದಿಯನ್ನು ಆನ್‌ಲೈನಿನಲ್ಲಿ ಯಾರು ಬೇಕಾದರೂ ಓದಬಹುದು. ಆ ಬೇಸಿಗೆಯ ಮೊದಲ ಸುತ್ತಿನ ಮುಂದೆ ಒಂದೇ ಸಂಖ್ಯೆಯಿದೆ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, ಎಣಿಸಿದವರು ಒಬ್ಬರು, ಈ ಲೆಕ್ಕವನ್ನು ಹೋಲಿಕೆಗೆ ಬಳಸಿಲ್ಲ ಎಂದಿದೆ. ಸರ್ಕಾರದ ಕಡತದಲ್ಲಿ ನಾನು ಅಲ್ಲಿಗೆ ಹೋದವಳು, ರೂತ್‌ಳ ವರದಿಯಲ್ಲಿ ಹೋಗದವಳು. ಅವಳಿಗೆ ಕನ್ನಡ ಬಾರದು, ಇದನ್ನು ಓದಲಾರಳು. ಆದರೂ ಬರೆಯುತ್ತೇನೆ. ನಡುಬಂಡೆ, ಪೂರ್ವದ ಮುಖ, ಒಂಬತ್ತು ನಲವತ್ತರಿಂದ ಹತ್ತು ನಲವತ್ತು, ಮೋಡ, ಮೆಲುಗಾಳಿ. ಪಾದದಡಿ ಮೊಟ್ಟೆಯಿಟ್ಟುಕೊಂಡು ಕೂತವು ಮೂವತ್ತನಾಲ್ಕು. ಎಣಿಸಿದವರು ಇಬ್ಬರು.